ಎಣಿಸುವ ಗಾಳಿ, ಬಿಡುವ ಗಾಳಿ

ವಾತಾವರಣದ ಇಂಗಾಲದ ಡೈಆಕ್ಸೈಡನ್ನು ಅಳೆಯಲೆಂದು ಗಾಳಿ ಹಿಡಿಯುವವರು ಮೊದಲು ಕಲಿಯಬೇಕಾದದ್ದು ಉಸಿರು ಕಟ್ಟುವುದನ್ನು. ಕೈಯಲ್ಲಿ ಐದು ಲೀಟರಿನ ಗಾಜಿನ ಫ್ಲಾಸ್ಕ್ ಇರುತ್ತದೆ. ಅದರೊಳಗಿನ ಗಾಳಿಯನ್ನೆಲ್ಲ ಪ್ರಯೋಗಾಲಯದಲ್ಲೇ ಹೊರಗೆಳೆದು, ನಿರ್ವಾತ ಮಾಡಿ ಕಳಿಸಿರುತ್ತಾರೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಒಂದೆರಡು ಸಲ ದೀರ್ಘವಾಗಿ ಉಸಿರೆಳೆದು, ಆಮೇಲೆ ಉಸಿರು ಬಿಗಿಹಿಡಿದು, ಗಾಳಿಗೆ ಎದುರಾಗಿ ಕೆಲವು ಹೆಜ್ಜೆ ನಡೆಯಬೇಕು. ನಿಂತು, ಫ್ಲಾಸ್ಕನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿದು ತಿರುಪು ಸಡಿಲಿಸಿದರೆ ಸುಯ್ಯೆಂದು ಗಾಳಿ ಒಳನುಗ್ಗುತ್ತದೆ. ಸದ್ದು ನಿಂತ ಮೇಲೆ ತಿರುಪು ಬಿಗಿದರೆ ಕೆಲಸ ಮುಗಿಯಿತು. ಉಸಿರಾಡಬಹುದು.

ಇಷ್ಟೊಂದು ಮಡಿ ಯಾಕೆಂದರೆ, ಮನುಷ್ಯ ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ 4ರಷ್ಟಿರುತ್ತದೆ; ಸುತ್ತಲಿನ ಗಾಳಿಯಲ್ಲಿ ಇರುವುದಕ್ಕಿಂತ ನೂರು ಪಟ್ಟು ಹತ್ತಿರ. ಅದರ ಒಂದು ಎಳೆ ಒಳಗೆ ಹೋದರೂ ಸಾಕು, ಆ ಫ್ಲಾಸ್ಕ್ ಸಾವಿರಾರು ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ಪ್ರಯಾಣ ಮಾಡಿದ್ದು ದಂಡ. ಅದು ಹೇಳುವುದು ಭೂಮಿಯ ಕಥೆಯನ್ನಲ್ಲ, ಹಿಡಿದವರ ಶ್ವಾಸಕೋಶದ ಕಥೆಯನ್ನು.

ಈ ಅನಿಲದ ಲೆಕ್ಕ ಇಡುವುದು ಪಿಪಿಎಂನಲ್ಲಿ, ಅಂದರೆ ಒಣ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಎಂಬ ಲೆಕ್ಕದಲ್ಲಿ. ಹವಾಯಿಯ ಮೌನಾ ಲೋವಾ ವೀಕ್ಷಣಾಲಯದ ಪ್ರಕಾರ 2024ರ ಸರಾಸರಿ 424.6 ಪಿಪಿಎಂ. 1960ರ ದಶಕದಲ್ಲಿ ಈ ಅಂಕಿ ವರ್ಷಕ್ಕೆ ಒಂದು ಪಿಪಿಎಂಗೂ ಕಡಿಮೆ ಏರುತ್ತಿತ್ತು. ಕಳೆದ ಹತ್ತು ವರ್ಷಗಳಲ್ಲಿ ಏರಿಕೆ ವರ್ಷಕ್ಕೆ ಎರಡೂವರೆಯ ಆಸುಪಾಸಿನಲ್ಲಿದೆ. ಹತ್ತು ಲಕ್ಷದಲ್ಲಿ ಒಂದೆರಡು ಅಣುಗಳ ವ್ಯತ್ಯಾಸವನ್ನು ವರ್ಷ ವರ್ಷ ಗುರುತಿಸಬೇಕೆಂದರೆ ಉಪಕರಣ ಸೂಕ್ಷ್ಮವಾಗಿರಬೇಕು ಎಂಬುದು ಯಾರಿಗೂ ಹೊಳೆಯುವ ಮಾತು. ಆದರೆ ಈ ಕೆಲಸದ ಅರವತ್ತು ಎಪ್ಪತ್ತು ವರ್ಷಗಳ ಇತಿಹಾಸ ನೋಡಿದರೆ, ಉಪಕರಣಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಬೇರೆ ಎರಡು ಸಂಗತಿಗಳು: ಯಾವ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಒಂದು, ಅಳತೆಗೋಲು ತಾನೇ ಮೆಲ್ಲಗೆ ಜಾರದಂತೆ ಹಿಡಿದಿಡುವುದು ಹೇಗೆ ಎಂಬುದು ಇನ್ನೊಂದು.

‘ಒಣ ಗಾಳಿ’ ಎಂಬ ಮಾತನ್ನೂ ಸುಮ್ಮನೆ ಸೇರಿಸಿದ್ದಲ್ಲ. ಕರಾವಳಿಯ ಬೆವರಿಳಿಸುವ ಹವೆಯಲ್ಲಿ ನೀರಾವಿಯೇ ಶೇಕಡ 3ರಷ್ಟು ಇರಬಹುದು. ಅಷ್ಟು ಜಾಗವನ್ನು ಅದು ಹಿಡಿದುಕೊಂಡರೆ ಉಳಿದ ಅನಿಲಗಳ ಪಾಲು ಅಷ್ಟಕ್ಕಷ್ಟು ತಗ್ಗುತ್ತದೆ. 420 ಇರಬೇಕಾದ್ದು 408ರ ಹತ್ತಿರ ಕಾಣುತ್ತದೆ. ಒಂದು ಮಳೆ ಬಂದ ಮಾತ್ರಕ್ಕೆ ಐದು ವರ್ಷ ಹಿಂದೆ ಹೋದಂತೆ. ಆದ್ದರಿಂದ ಗಾಳಿಯನ್ನು ಉಪಕರಣಕ್ಕೆ ಬಿಡುವ ಮೊದಲು ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯ ಕೊಳವೆಯೊಳಗೆ ಹಾಯಿಸಿ, ತೇವವನ್ನು ಮಂಜುಗಡ್ಡೆಯಾಗಿ ಗೋಡೆಗೆ ಹಿಡಿಸಿ ತೆಗೆಯುವುದು ವಾಡಿಕೆ.

1950ರ ದಶಕದ ಆರಂಭದವರೆಗೂ ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೂ ರಾಸಾಯನಿಕ ವಿಧಾನಗಳಲ್ಲಿ ಅಳೆದವರು ಬೇಕಾದಷ್ಟು ಮಂದಿ ಇದ್ದರು. ಒಬ್ಬರ ಅಂಕಿಗೂ ಇನ್ನೊಬ್ಬರ ಅಂಕಿಗೂ ತಾಳೆಯಿರಲಿಲ್ಲ. ಸ್ವೀಡನ್ ಮತ್ತು ನೆರೆಯ ದೇಶಗಳಲ್ಲಿ ಆಗ ಒಂದು ಅಳತೆಯ ಜಾಲವೇ ಇತ್ತು. ಅದರ ಫಲಿತಾಂಶ ಊರಿಂದೂರಿಗೆ, ದಿನದಿಂದ ದಿನಕ್ಕೆ ಹೊಯ್ದಾಡುತ್ತಿತ್ತು. ಈ ಅನಿಲ ಸ್ವಭಾವತಃ ಚಂಚಲ, ಜಾಗಕ್ಕೊಂದು ಬಣ್ಣ ತೋರಿಸುತ್ತದೆ ಎಂದೇ ಹಲವರು ತೀರ್ಮಾನಿಸಿದ್ದರು.

ಆ ಗೋಜಲಿನಲ್ಲೂ ಒಂದು ದಾರಿ ಕಂಡವನು ಗೈ ಸ್ಟೂವರ್ಟ್ ಕ್ಯಾಲೆಂಡರ್. ಬ್ರಿಟನ್ನಿನ ಉಗಿ ಎಂಜಿನಿಯರ್. ಹವಾಮಾನ ಅವನ ಹೊಟ್ಟೆಪಾಡಿನ ಕಸುಬಲ್ಲ, ಹವ್ಯಾಸ. ಹಳೆಯ ಅಳತೆಗಳನ್ನೆಲ್ಲ ಹರವಿಕೊಂಡು ಕೂತು, ಊರ ನಡುವಿನವು, ವಿಧಾನ ಸಂಶಯಾಸ್ಪದವಾದವು ಎಂದು ಒಂದೊಂದನ್ನೇ ಕಿತ್ತುಹಾಕಿದ. ಉಳಿದವುಗಳಿಂದ, ಹಿಂದಿನ ಶತಮಾನದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ 290 ಪಿಪಿಎಂ ಆಸುಪಾಸಿನಲ್ಲಿತ್ತು, ಈಗ ಏರುತ್ತಿದೆ, ಭೂಮಿ ಬಿಸಿಯಾಗುತ್ತಿರುವುದಕ್ಕೂ ಅದಕ್ಕೂ ನಂಟಿದೆ ಎಂದು 1938ರಲ್ಲೇ ಬರೆದ. ಬೇಕಾದ್ದನ್ನಷ್ಟೇ ಆರಿಸಿಕೊಂಡಿದ್ದಾನೆ ಎಂಬ ಟೀಕೆ ತಪ್ಪಲಿಲ್ಲ. ಆರಿಸಿದ್ದು ನಿಜ. ಆದರೆ ಆರಿಸಿದ್ದು ಸರಿಯಾಗಿತ್ತು ಎಂಬುದು ದಶಕಗಳ ನಂತರ, ಹಿಮದಲ್ಲಿ ಸಿಕ್ಕಿಬಿದ್ದಿದ್ದ ಹಳೆಯ ಗಾಳಿಯನ್ನು ಪರೀಕ್ಷಿಸಿದಾಗ ಗೊತ್ತಾಯಿತು.

ಗೊಂದಲ ಪೂರ್ತಿ ಬಗೆಹರಿದದ್ದು ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ತರುಣ ರಸಾಯನಶಾಸ್ತ್ರಜ್ಞನಿಂದ. 1928ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಕೀಲಿಂಗ್ ಡಾಕ್ಟರೇಟ್ ಮುಗಿಸಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಗೆ ಬಂದದ್ದು ನದಿ ನೀರು, ಸುಣ್ಣಕಲ್ಲು ಮತ್ತು ಗಾಳಿಯ ನಡುವಿನ ಸಮತೋಲನವನ್ನು ಅಧ್ಯಯನ ಮಾಡಲು. ಅದಕ್ಕೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಖಚಿತವಾಗಿ ಎಷ್ಟಿದೆ ಎಂದು ತಿಳಿಯಬೇಕಿತ್ತು. ಸರಿಯಾದ ಉಪಕರಣ ಮಾರುಕಟ್ಟೆಯಲ್ಲಿರಲಿಲ್ಲ. 1916ರಲ್ಲಿ ಪ್ರಕಟವಾಗಿದ್ದ ಒಂದು ವಿನ್ಯಾಸವನ್ನು ಹುಡುಕಿ ತೆಗೆದು, ಗಾಜು ಮತ್ತು ಪಾದರಸದ ಮ್ಯಾನೋಮೀಟರನ್ನು ತಾನೇ ಕಟ್ಟಿದ.

ಅದು ಕೆಲಸ ಮಾಡುವ ಬಗೆ ಸರಳ, ಮಾಡಿಸಿಕೊಳ್ಳುವುದು ಕಷ್ಟ. ಅಳೆದ ಗಾಳಿಯನ್ನು ದ್ರವ ಸಾರಜನಕದಲ್ಲಿ ಅದ್ದಿದ ಕೊಳವೆಯ ಮೂಲಕ ನಿಧಾನವಾಗಿ ಹಾಯಿಸುತ್ತಾರೆ. ಆ ಚಳಿಗೆ ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟಿ ಅಲ್ಲೇ ಉಳಿಯುತ್ತದೆ. ಸಾರಜನಕ, ಆಮ್ಲಜನಕ ಮುಂದೆ ಹೋಗುತ್ತವೆ. ತೇವವನ್ನು ಬೇರ್ಪಡಿಸಿ, ಹೆಪ್ಪುಗಟ್ಟಿದ್ದನ್ನು ಮತ್ತೆ ಅನಿಲವಾಗಿಸಿ, ಗಾತ್ರ ಗೊತ್ತಿರುವ ಪುಟ್ಟ ಕೋಣೆಯೊಳಗೆ ಬಿಟ್ಟು, ಅದು ಪಾದರಸವನ್ನು ಎಷ್ಟೆತ್ತರಕ್ಕೆ ತಳ್ಳುತ್ತದೆ ಎಂದು ನೋಡುತ್ತಾರೆ. ಒತ್ತಡ, ಗಾತ್ರ, ಉಷ್ಣತೆ ಈ ಮೂರು ಗೊತ್ತಾದರೆ ಅಣುಗಳ ಲೆಕ್ಕ ಪಿಯುಸಿ ಹುಡುಗರೂ ಮಾಡಬಲ್ಲರು. ಇಲ್ಲಿ ಬೇರೆ ಯಾವುದೇ ಮಾದರಿ ಅನಿಲಕ್ಕೆ ಹೋಲಿಸುವ ಅಗತ್ಯವಿಲ್ಲ. ಮೂಲ ಅಳತೆ ಇದೇ.

1955ರಲ್ಲಿ ಕೀಲಿಂಗ್ ಕ್ಯಾಲಿಫೋರ್ನಿಯಾ ತೀರದ ಬಿಗ್ ಸರ್ ಕಾಡಿಗೆ ಫ್ಲಾಸ್ಕುಗಳ ಪೆಟ್ಟಿಗೆ ಹೊತ್ತುಕೊಂಡು ಹೋದ. ದಿನಕ್ಕೊಂದು ಮಾದರಿ ಸಾಕಿತ್ತೇನೋ. ಅವನು ಹಗಲೂ ರಾತ್ರಿ, ಕೆಲವು ಗಂಟೆಗಳಿಗೊಮ್ಮೆ, ನಿದ್ದೆಚೀಲದಿಂದ ಎದ್ದೆದ್ದು ಗಾಳಿ ಹಿಡಿದ. ಅಷ್ಟೊಂದು ಸಲ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಹಟದಿಂದಲೇ ಗುಟ್ಟು ಬಯಲಾದದ್ದು. ರಾತ್ರಿ ಮಣ್ಣು, ಮರಗಳು ಉಸಿರಾಡಿ ಬಿಟ್ಟ ಅನಿಲ ನೆಲದ ಹತ್ತಿರ ಶೇಖರವಾಗಿ ಅಂಕಿ ಏರುತ್ತಿತ್ತು. ಬಿಸಿಲೇರಿದಂತೆ ಎಲೆಗಳು ಹೀರಿಕೊಂಡು, ಮೇಲಿನ ಗಾಳಿಯೂ ಕೆಳಗಿಳಿದು ಬೆರೆತು ಅಂಕಿ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಾತ್ರ ದಿನವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಸುಮಾರು 310. ಬೇರೆ ಕಾಡುಗಳಿಗೆ, ಅರಿಜೋನಾದ ಎತ್ತರದ ಬೆಟ್ಟಗಳಿಗೆ ಹೋದರೂ ಮಧ್ಯಾಹ್ನದ ಅಂಕಿ ಅದೇ 310. ಗಾಳಿ ಚಂಚಲವಾಗಿರಲಿಲ್ಲ. ಹಿಂದಿನವರು ಒಂದೊಂದು ಹೊತ್ತಿನ, ಒಂದೊಂದು ಮೂಲೆಯ ಉಸಿರನ್ನು ಇಡೀ ವಾತಾವರಣ ಎಂದುಕೊಂಡಿದ್ದರು, ಅಷ್ಟೆ.

ಹಾಗಿದ್ದರೆ ಕಾಡು, ಊರು, ಕಾರ್ಖಾನೆ ಯಾವುದೂ ಹತ್ತಿರವಿಲ್ಲದ ಕಡೆ ಕೂತು ಅಳೆದರೆ? ಅಮೆರಿಕದ ಹವಾಮಾನ ಇಲಾಖೆಯ ಹ್ಯಾರಿ ವೆಕ್ಸ್ಲರ್, ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ರೋಜರ್ ರೆವೆಲ್ ಇಬ್ಬರೂ ಕೀಲಿಂಗ್‌ನ ಬೆನ್ನಿಗೆ ನಿಂತರು. 1957-58 ಅಂತರರಾಷ್ಟ್ರೀಯ ಭೂಭೌತ ವರ್ಷ; ಹಣ ಸಿಕ್ಕಿತು. ದಕ್ಷಿಣ ಧ್ರುವದಲ್ಲಿ ಮಾದರಿ ಸಂಗ್ರಹ ಶುರುವಾಯಿತು. ನಿರಂತರವಾಗಿ ಅಳೆಯುವ ಯಂತ್ರವನ್ನು ಇಟ್ಟದ್ದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪದಲ್ಲಿ, ಮೌನಾ ಲೋವಾ ಪರ್ವತದ ಉತ್ತರ ಇಳಿಜಾರಿನಲ್ಲಿ, 3,397 ಮೀಟರ್ ಎತ್ತರದಲ್ಲಿ. ಸುತ್ತ ಕಪ್ಪು ಲಾವಾ ಬಂಡೆ, ಹುಲ್ಲುಕಡ್ಡಿ ಇಲ್ಲ. 1958ರ ಮಾರ್ಚ್ 29ರಂದು ಬಂದ ಮೊದಲ ಅಂಕಿ 313 ಪಿಪಿಎಂ.

ಆ ಯಂತ್ರ ಮ್ಯಾನೋಮೀಟರ್ ಅಲ್ಲ, ಅವಕೆಂಪು ಬೆಳಕಿನ ವಿಶ್ಲೇಷಕ. ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳು ಅವಕೆಂಪು ಕಿರಣಗಳನ್ನು ತಡೆಯುವುದಿಲ್ಲ. ಒಂದು ಇಂಗಾಲ, ಎರಡು ಆಮ್ಲಜನಕ ಪರಮಾಣುಗಳ ಈ ಅಣು ಮಾತ್ರ ಕೆಲವು ತರಂಗಾಂತರಗಳಲ್ಲಿ, ಮುಖ್ಯವಾಗಿ 4.26 ಮೈಕ್ರೋಮೀಟರಿನಲ್ಲಿ, ಕಿರಣವನ್ನು ಹೀರಿಕೊಂಡು ಕಂಪಿಸತೊಡಗುತ್ತದೆ. ಭೂಮಿಯ ಶಾಖವನ್ನು ಹಿಡಿದಿಡುವುದೂ ಅಣುವಿನ ಈ ಗುಣವೇ. ಜಾನ್ ಟಿಂಡಾಲ್ 1859ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತೋರಿಸಿದ್ದ. ಗಾಳಿ ತುಂಬಿದ ಕೊಳವೆಯ ಒಂದು ತುದಿಯಿಂದ ಅವಕೆಂಪು ಕಿರಣ ಬಿಟ್ಟು, ಇನ್ನೊಂದು ತುದಿಗೆ ಎಷ್ಟು ಮುಟ್ಟಿತು ಎಂದು ನೋಡಿದರೆ ನಡುವೆ ಈ ಅಣುಗಳೆಷ್ಟಿವೆ ಎಂದು ಊಹಿಸಬಹುದು. ಫಲಿತಾಂಶವನ್ನು ಲೇಖನಿಯೊಂದು ಕಾಗದದ ಸುರುಳಿಯ ಮೇಲೆ ಗೀಚುತ್ತಾ ಹೋಗುತ್ತಿತ್ತು. ಸ್ಕ್ರಿಪ್ಸ್ ಸಂಸ್ಥೆಯ ಆ ಯಂತ್ರ ಮೌನಾ ಲೋವಾದಲ್ಲಿ 2006ರ ಜನವರಿಯವರೆಗೆ ಓಡಿತು. ಕೀಲಿಂಗ್ ತೀರಿಕೊಂಡದ್ದು 2005ರ ಜೂನ್‌ನಲ್ಲಿ.

ಮೊದಲ ವರ್ಷ ಅಂಕಿ ಕೀಲಿಂಗ್‌ನನ್ನೇ ಗಾಬರಿಗೊಳಿಸಿತು. ಮೇ ತಿಂಗಳವರೆಗೆ ಏರಿತು. ನಡುನಡುವೆ ವಿದ್ಯುತ್ ಕೈಕೊಟ್ಟು ಯಂತ್ರ ನಿಂತಿತು. ಮತ್ತೆ ಶುರುವಾದಾಗ ಅಂಕಿ ಕೆಳಗಿಳಿದಿತ್ತು. ಕೆಟ್ಟಿದೆಯೇ? ಎರಡನೆಯ ವರ್ಷವೂ ಅದೇ ಏರಿಳಿತ ಬಂದಾಗ ವಿಷಯ ತಿಳಿಯಾಯಿತು. ಭೂಮಿಯ ನೆಲ, ಕಾಡುಗಳ ಹೆಚ್ಚಿನ ಪಾಲು ಉತ್ತರಾರ್ಧಗೋಳದಲ್ಲಿದೆ. ಅಲ್ಲಿ ಬೇಸಿಗೆಯಲ್ಲಿ ಎಲೆ ಚಿಗುರಿ ಇಂಗಾಲ ಹೀರಿದಂತೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಅಂಕಿ ತಳ ಮುಟ್ಟುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಕೊಳೆತಂತೆ ಮತ್ತೆ ಏರಿ ಮೇ ತಿಂಗಳಲ್ಲಿ ನೆತ್ತಿ ತಲುಪುತ್ತದೆ. ಮೌನಾ ಲೋವಾದಲ್ಲಿ ಈ ಏರಿಳಿತ ಆರೇಳು ಪಿಪಿಎಂ. ಅಲಾಸ್ಕಾದ ಉತ್ತರ ತುದಿಯಲ್ಲಿ 15ಕ್ಕೂ ಹೆಚ್ಚು. ದಕ್ಷಿಣ ಧ್ರುವದಲ್ಲಿ ಒಂದರ ಸುತ್ತಮುತ್ತ, ಅದೂ ತಿರುವುಮುರುವಾಗಿ. ಪ್ರತಿ ಏರಿಳಿತದ ಆಚೆಗೆ ವರ್ಷದ ಸರಾಸರಿಯೇ ಮೇಲೆ ಹೋಗುತ್ತಿದೆ ಎಂದು ಕೀಲಿಂಗ್ 1960ರಲ್ಲಿ ಪ್ರಕಟಿಸಿದ. 1959ರ ಸರಾಸರಿ 316. 2013ರ ಮೇ 9ರಂದು ದಿನದ ಅಂಕಿ ಮೊದಲ ಸಲ 400 ದಾಟಿತು. 2025ರ ಮೇ ತಿಂಗಳ ಸರಾಸರಿ 430ನ್ನೂ ದಾಟಿದೆ.

ಈ ಕಥೆ ಕೇಳಿದ ಯಾರಾದರೂ ಕೇಳುವ ಪ್ರಶ್ನೆ ಒಂದಿದೆ, ಅದು ಸಾಧುವಾದ ಪ್ರಶ್ನೆಯೂ ಹೌದು. ಮೌನಾ ಲೋವಾ ಜೀವಂತ ಜ್ವಾಲಾಮುಖಿ. ಅದರ ಬಿರುಕುಗಳಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂಥ ಕಡೆ ಕೂತು ಜಗತ್ತಿನ ಗಾಳಿ ಅಳೆಯುವುದೆಂತು?

ಉತ್ತರ ಗಾಳಿಯ ದಿನಚರಿಯಲ್ಲಿದೆ. ರಾತ್ರಿ ತಣ್ಣಗಾದ ಗಾಳಿ ಶಿಖರದ ಕಡೆಯಿಂದ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬಿರುಕುಗಳ ಅನಿಲ ಅದರ ಜೊತೆ ಬರುವುದು ತೆಳುವಾದ ಎಳೆಗಳಾಗಿ. ಯಂತ್ರದ ಅಂಕಿ ನಿಮಿಷ ನಿಮಿಷಕ್ಕೂ ನೆಗೆದು ಕುಪ್ಪಳಿಸುತ್ತದೆ. ಸ್ವಚ್ಛವಾದ ಸಾಗರದ ಗಾಳಿ ಬಂದಾಗ ಗೆರೆ ಗಂಟೆಗಟ್ಟಲೆ ನೇರವಾಗಿರುತ್ತದೆ. ಹಾಗಾಗಿ ನಿಯಮ ಮಾಡಿದ್ದಾರೆ: ಒಂದು ಗಂಟೆಯೊಳಗಿನ ನಿಮಿಷವಾರು ಅಂಕಿಗಳ ಚದುರುವಿಕೆ 0.30 ಪಿಪಿಎಂ ಮೀರಿದರೆ ಆ ಗಂಟೆಯನ್ನು ಬಿಡುವುದು. ಹಿಂದಿನ ಗಂಟೆಗೂ ಈ ಗಂಟೆಗೂ 0.25ಕ್ಕಿಂತ ಹೆಚ್ಚು ಅಂತರವಿದ್ದರೂ ಅನುಮಾನಿಸುವುದು. ಹಗಲಲ್ಲಿ ಬೆಟ್ಟ ಕಾದು ಕೆಳಗಿನ ಕಾಡುಗಳ ಗಾಳಿ ಮೇಲೇರಿ ಬರುತ್ತದೆ; ಅದರಲ್ಲಿ ಎಲೆಗಳು ಆಗಲೇ ಇಂಗಾಲ ಹೀರಿರುವುದರಿಂದ ಅಂಕಿ ಕೃತಕವಾಗಿ ಕಡಿಮೆ. ಅದನ್ನೂ ಬಿಡುವುದು. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ದಿನಕ್ಕೆ ಸರಾಸರಿ ಹದಿಮೂರು ಹದಿನಾಲ್ಕು ಗಂಟೆಗಳ ಅಂಕಿ ಉಳಿಯುತ್ತದೆ.

ಅಂಕಿ ಆರಿಸಿಕೊಳ್ಳುವುದೆಂದರೆ ಬೇಕಾದ ಉತ್ತರ ಬರಿಸಿಕೊಳ್ಳುವುದಲ್ಲವೇ ಎಂಬ ಆಕ್ಷೇಪ ಕ್ಯಾಲೆಂಡರ್ ಕಾಲದಿಂದಲೂ ಇದೆ. ಇಲ್ಲಿ ಗಮನಿಸಬೇಕಾದ್ದು, ಕಿತ್ತುಹಾಕುವ ನಿಯಮ ಅಂಕಿ ಎಷ್ಟು ದೊಡ್ಡದು ಎಂಬುದನ್ನು ಮುಖ್ಯವಾಗಿ ಕೇಳುವುದಿಲ್ಲ. ಅದು ಎಷ್ಟು ನಿಶ್ಚಲವಾಗಿತ್ತು ಎಂದು ಕೇಳುತ್ತದೆ. ಬಿಟ್ಟ ಗಂಟೆಗಳನ್ನು ಅಳಿಸಿಯೂ ಹಾಕುವುದಿಲ್ಲ. ಗುರುತು ಹಾಕಿ ಇಟ್ಟಿರುತ್ತಾರೆ. ಒಂದನ್ನೂ ಬಿಡದೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೂ ವರ್ಷಗಳ ಏರಿಕೆಯ ಗೆರೆ ಹೆಚ್ಚುಕಡಿಮೆ ಅದೇ ಬರುತ್ತದೆ. ಜೊತೆಗೆ 1974ರಿಂದ ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆಯಾದ ನೋವಾ ಅದೇ ಬೆಟ್ಟದ ಮೇಲೆ ಸ್ವತಂತ್ರವಾಗಿ ಅಳೆಯುತ್ತಿದೆ. ಎರಡು ಸಂಸ್ಥೆ, ಎರಡು ಯಂತ್ರ. ಒಂದು ತಪ್ಪಿದರೆ ಇನ್ನೊಂದು ಹೇಳುತ್ತದೆ.

ಇನ್ನು ಅಳತೆಗೋಲಿನ ವಿಷಯ. ಅವಕೆಂಪು ಯಂತ್ರ ತಾನಾಗಿ ಪಿಪಿಎಂ ಹೇಳುವುದಿಲ್ಲ. ಅದು ಕೊಡುವುದು ಒಂದು ವಿದ್ಯುತ್ ಸಂಕೇತ. ಕೋಣೆಯ ಉಷ್ಣತೆ ಬದಲಾದರೆ, ದೀಪ ಹಳತಾದರೆ ಸಂಕೇತವೂ ಜಾರುತ್ತದೆ. ಆದ್ದರಿಂದ ಪಕ್ಕದಲ್ಲಿ ಪ್ರಮಾಣ ಗೊತ್ತಿರುವ ಗಾಳಿ ತುಂಬಿದ ಸಿಲಿಂಡರುಗಳನ್ನು ಇಟ್ಟುಕೊಂಡು, ಹೊತ್ತುಹೊತ್ತಿಗೆ ಹೊರಗಿನ ಗಾಳಿಯ ಬದಲು ಅದನ್ನು ಹಾಯಿಸಿ ತಾಳೆ ನೋಡುತ್ತಾರೆ. ಆ ಸಿಲಿಂಡರಿನ ಅಂಕಿಯನ್ನು ಹೇಳಿದ್ದು ಇನ್ನೊಂದು ಸಿಲಿಂಡರ್; ಅದಕ್ಕೆ ಇನ್ನೂ ಮೇಲಿನದೊಂದು. ಕಿರಾಣಿ ಅಂಗಡಿಯ ತೂಕದ ಕಲ್ಲಿಗೆ ಇಲಾಖೆಯವರ ಮುದ್ರೆ, ಇಲಾಖೆಯ ಕಲ್ಲಿಗೆ ಅದರ ಮೇಲಿನವರ ಮುದ್ರೆ ಇದ್ದ ಹಾಗೆ. ಈ ಸರಪಣಿಯ ತಲೆಯಲ್ಲಿ ಇರುವುದು ಕೊಲೊರಾಡೋದ ಬೌಲ್ಡರ್ ಪಟ್ಟಣದಲ್ಲಿರುವ ನೋವಾ ಪ್ರಯೋಗಾಲಯ. ವಿಶ್ವ ಹವಾಮಾನ ಸಂಸ್ಥೆಯ ಪರವಾಗಿ ಜಗತ್ತಿನ ಅಳತೆಗಾರರಿಗೆಲ್ಲ ಅದೇ ಕಟ್ಟಕಡೆಯ ಕಲ್ಲು. ಹತ್ತಿರದ ನಿವಾಟ್ ರಿಜ್ ಎಂಬ ಬೆಟ್ಟದ ಗಾಳಿಯನ್ನು ಒಣಗಿಸಿ ಸಿಲಿಂಡರುಗಳಿಗೆ ತುಂಬುತ್ತಾರೆ. ಅತಿ ಮೇಲಿನ ಸಿಲಿಂಡರುಗಳ ಅಂಕಿಯನ್ನು ಕಂಡುಹಿಡಿಯುವುದು ಇಂದಿಗೂ ಮ್ಯಾನೋಮೀಟರಿನಿಂದಲೇ: ದ್ರವ ಸಾರಜನಕ, ಹೆಪ್ಪು, ಒತ್ತಡ, ಗಾತ್ರ. ಬೇರೆ ಬೇರೆ ದೇಶಗಳ ಅಳತೆಗಳ ನಡುವೆ ಉತ್ತರಾರ್ಧಗೋಳದಲ್ಲಿ 0.1 ಪಿಪಿಎಂಗಿಂತ, ದಕ್ಷಿಣದಲ್ಲಿ 0.05ಕ್ಕಿಂತ ಹೆಚ್ಚು ಭಿನ್ನತೆ ಬರಬಾರದು ಎಂಬುದು ಗುರಿ.

ಆ ಕಟ್ಟಕಡೆಯ ಕಲ್ಲೂ ಒಮ್ಮೆ ಸ್ವಲ್ಪ ಹಗುರವಾಗಿತ್ತು. ಮ್ಯಾನೋಮೀಟರಿನ ರಬ್ಬರ್ ಉಂಗುರಗಳು ಅಳತೆಯ ಹೊತ್ತಿನಲ್ಲಿ ಅತ್ಯಲ್ಪ ಪ್ರಮಾಣದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿದ್ದವು. ಲೆಕ್ಕದ ಸೂತ್ರದಲ್ಲೂ ಸಣ್ಣ ತಿದ್ದುಪಡಿ ಬೇಕಿತ್ತು. ಎರಡನ್ನೂ ಸರಿಪಡಿಸಿ 2019ರ ಹೆಸರಿನ ಹೊಸ ಮಾನಕವನ್ನು ತಂದಾಗ 400ರ ಆಸುಪಾಸಿನ ಅಂಕಿಗಳು ಸುಮಾರು 0.18 ಪಿಪಿಎಂ ಮೇಲೆ ಸರಿದವು. ಹಳೆಯ ದಶಕಗಳ ಅಂಕಿಗಳನ್ನೂ ಮರುಲೆಕ್ಕ ಹಾಕಬೇಕಾಯಿತು. 0.18ಕ್ಕೆ ಇಷ್ಟು ರಂಪವೇ ಎನ್ನಬಹುದು. ಆದರೆ ಯಾವ ಖಂಡ ಎಷ್ಟು ಇಂಗಾಲ ಹೀರುತ್ತಿದೆ, ಎಷ್ಟು ಉಗುಳುತ್ತಿದೆ ಎಂಬ ಲೆಕ್ಕವೆಲ್ಲ ನಿಂತಿರುವುದು ಇಂಥ ಚಿಲ್ಲರೆ ಅಂತರಗಳ ಮೇಲೆ.

2019ರಿಂದ ನೋವಾ ಮೌನಾ ಲೋವಾದಲ್ಲಿ ಅವಕೆಂಪು ದೀಪದ ಯಂತ್ರದ ಬದಲು ಲೇಸರ್ ಯಂತ್ರ ಇಟ್ಟಿದೆ. ಗೇಣುದ್ದದ ಕೋಶವೊಂದರಲ್ಲಿ ಅತಿ ನುಣುಪಾದ ಕನ್ನಡಿಗಳ ನಡುವೆ ಲೇಸರ್ ಬೆಳಕನ್ನು ಸಿಕ್ಕಿಸಿ, ತಟ್ಟನೆ ಆರಿಸುತ್ತಾರೆ. ಕನ್ನಡಿಯಿಂದ ಕನ್ನಡಿಗೆ ಪುಟಿಯುತ್ತಾ ಆ ಬೆಳಕು ಕಿಲೋಮೀಟರುಗಟ್ಟಲೆ ಓಡಿ ಕ್ಷೀಣಿಸುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಷ್ಟೂ ಬೇಗ ನಂದುತ್ತದೆ. ನಂದಲು ಹಿಡಿದ ಮೈಕ್ರೋಸೆಕೆಂಡುಗಳೇ ಅಳತೆ. ಈ ಯಂತ್ರ ಹಿಂದಿನದಕ್ಕಿಂತ ಎಷ್ಟೋ ಸ್ಥಿರ. ಆದರೂ ಪಕ್ಕದ ಸಿಲಿಂಡರುಗಳು ಹೋಗಿಲ್ಲ.

ಕೋವಿಡ್ ಕಾಲದಲ್ಲಿ ಕಚೇರಿ, ತರಗತಿಗಳ ಗಾಳಿಯಾಟ ನೋಡಲು ಅಂಗೈಯಗಲದ ಮೀಟರುಗಳು ಆನ್‌ಲೈನ್‌ನಲ್ಲಿ ಬಂದವಲ್ಲ, ಅವೂ ಇದೇ ಅವಕೆಂಪು ತತ್ವದವು. ಕಿಟಕಿ ಮುಚ್ಚಿದ ಕೋಣೆಯಲ್ಲಿ 1,000, 1,500 ಎಂದು ತೋರಿಸುವುದಕ್ಕೆ ಅವು ಚೆನ್ನಾಗಿವೆ. ಹೊರಗಿನ ವಾತಾವರಣ ಅಳೆಯಲು ಹೊರಟರೆ ಮಾತ್ರ ತಮಾಷೆ. ಅವುಗಳಲ್ಲಿ ಬಹಳಷ್ಟಕ್ಕೆ ಸಿಲಿಂಡರುಗಳ ಸವಲತ್ತಿಲ್ಲ. ಅದರ ಬದಲು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿ, ಅದು 400 ಎಂದು ಮೊದಲೇ ನಂಬಿಕೊಂಡು ತಮ್ಮನ್ನು ತಾವು ತಿದ್ದಿಕೊಳ್ಳುತ್ತವೆ. ಮಹಡಿಯ ಮೇಲೆ ಇಟ್ಟು ನೋಡಿದರೆ 400 ಎಂದೇ ಹೇಳುತ್ತವೆ. ಕಾರ್ಖಾನೆಯಲ್ಲಿ ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದಂತಾಯಿತು.

ಭಾರತದಲ್ಲಿ ಈ ಕೆಲಸದ ಹಳೆಯ ತಾಣ ಕಾರವಾರದಿಂದ ಹೆಚ್ಚು ದೂರವಿಲ್ಲ. ದಕ್ಷಿಣ ಗೋವಾದ ಕಾಣಕೋಣ ತಾಲ್ಲೂಕಿನ ಕಾಬೋ ದ ರಾಮಾ ಕಡಲಿಗೆ ಚಾಚಿಕೊಂಡ ಗುಡ್ಡ. ಸಮುದ್ರಮಟ್ಟದಿಂದ ಸುಮಾರು 60 ಮೀಟರ್ ಎತ್ತರ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ಸಂಸ್ಥೆಯ ವಿಜ್ಞಾನಿಗಳ ಸಹಯೋಗದಲ್ಲಿ 1993ರಿಂದ ಅಲ್ಲಿ ಫ್ಲಾಸ್ಕುಗಳಲ್ಲಿ ಗಾಳಿ ಹಿಡಿದು ಆಸ್ಟ್ರೇಲಿಯಾಕ್ಕೆ ಕಳಿಸತೊಡಗಿದರು. ಈ ಜಾಗದ ಗುಣವೇ ಬೇರೆ. ಮುಂಗಾರಿನಲ್ಲಿ ಬೀಸುವ ನೈಋತ್ಯ ಮಾರುತ ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ, ಸಾವಿರಾರು ಕಿಲೋಮೀಟರ್ ನೀರಿನ ಮೇಲೇ ಹಾದು ಬರುತ್ತದೆ, ಸ್ವಚ್ಛ ಗಾಳಿ. ಚಳಿಗಾಲದಲ್ಲಿ ಗಾಳಿ ತಿರುಗಿ ಈಶಾನ್ಯದಿಂದ, ಉಪಖಂಡದ ಊರು, ಹೊಲ, ಒಲೆಗಳ ಹೊಗೆ ಹೊತ್ತು ಬರುತ್ತದೆ. ಮೌನಾ ಲೋವಾದಲ್ಲಿ ಸ್ಥಳೀಯ ಗಾಳಿ ಕಸವಾದರೆ ಇಲ್ಲಿ ಎರಡೂ ಬೇಕು. ಒಂದೇ ಗುಡ್ಡದ ಮೇಲೆ ನಿಂತು ಆರು ತಿಂಗಳು ಸಾಗರವನ್ನೂ ಆರು ತಿಂಗಳು ಭಾರತವನ್ನೂ ಅಳೆಯಬಹುದು.

ಬೆಂಗಳೂರಿಗೂ ಈ ಲೆಕ್ಕದಲ್ಲಿ ಪಾಲಿದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವಿದೆ. ಹೊಸಕೋಟೆಯಲ್ಲಿ ಕೂತು ಅದನ್ನು ನಡೆಸುತ್ತಾರೆ. ನಕ್ಷತ್ರ ನೋಡುವವರಿಗೆ ಬೇಕಾದ ಒಣ, ನಿರ್ಮಲ ಹವೆ ಗಾಳಿ ಅಳೆಯುವವರಿಗೂ ಬೇಕು. ಬೆಂಗಳೂರಿನ ಬೇಲೂರು ಆವರಣದಲ್ಲಿದ್ದ ಗಣಿತೀಯ ಮಾದರಿ ಕೇಂದ್ರ ಸಿ-ಮ್ಯಾಕ್ಸ್, ಖಭೌತ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ 2005ರಿಂದ ಅಲ್ಲಿ ನಿರಂತರ ಅಳತೆ ಶುರುಮಾಡಿದರು. ಪುದುಚೇರಿ, ಪೋರ್ಟ್ ಬ್ಲೇರ್‌ಗಳಲ್ಲೂ ಫ್ಲಾಸ್ಕ್ ತುಂಬಿದರು. ಇಷ್ಟಾದರೂ ದೇಶದ ವಿಸ್ತಾರಕ್ಕೆ ಹೋಲಿಸಿದರೆ ತಾಣಗಳು ಬೆರಳೆಣಿಕೆಯವು.

ಹಾಗಿದ್ದರೆ ಮೇಲಿನಿಂದ ನೋಡಿದರಾಯಿತು ಎಂದು ಎಲ್ಲರಿಗೂ ಅನ್ನಿಸುತ್ತದೆ. ಜಪಾನ್ 2009ರ ಜನವರಿ 23ರಂದು ‘ಇಬುಕಿ’ ಎಂಬ ಉಪಗ್ರಹ ಹಾರಿಸಿತು. ಮರುತಿಂಗಳೇ ಅಮೆರಿಕದ ನಾಸಾ ಹಾರಿಸಿದ ಉಪಗ್ರಹ, ರಾಕೆಟ್ಟಿನ ಮೂತಿಯ ಕವಚ ಕಳಚದೆ, ಆ ಭಾರಕ್ಕೆ ಕಕ್ಷೆ ಸೇರಲಾರದೆ ಅಂಟಾರ್ಕ್ಟಿಕಾ ಬಳಿಯ ಸಮುದ್ರಕ್ಕೆ ಬಿತ್ತು. ಅದರದೇ ಪ್ರತಿಯಾದ ಒಸಿಒ-2 ಮೇಲೇರಿದ್ದು 2014ರ ಜುಲೈ 2ರಂದು. 705 ಕಿಲೋಮೀಟರ್ ಎತ್ತರದಿಂದ ಅದು ನೋಡುವುದು ನೆಲಕ್ಕೆ ಬಡಿದು ವಾಪಸಾದ ಬಿಸಿಲನ್ನು. 1.61 ಮತ್ತು 2.06 ಮೈಕ್ರೋಮೀಟರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಬೆಳಕು ನುಂಗಿತು, 0.76ರಲ್ಲಿ ಆಮ್ಲಜನಕ ಎಷ್ಟು ನುಂಗಿತು ಎಂದು ಹೋಲಿಸುತ್ತದೆ. ಆಮ್ಲಜನಕದ ಪಾಲು ಗೊತ್ತಿರುವುದರಿಂದ ಬೆಳಕು ಎಷ್ಟು ಗಾಳಿ ದಾಟಿತು ಎಂಬ ಲೆಕ್ಕ ಅದರಿಂದಲೇ ಸಿಗುತ್ತದೆ. ಬರುವ ಉತ್ತರ ನೆಲಮಟ್ಟದ ಅಂಕಿಯಲ್ಲ, ಕೆಳಗಿನಿಂದ ಬಾಹ್ಯಾಕಾಶದವರೆಗಿನ ಇಡೀ ಗಾಳಿಕಂಬದ ಸರಾಸರಿ.

ಉಪಗ್ರಹಕ್ಕೂ ಬಿಡುವ ಕೆಲಸ ತಪ್ಪಿಲ್ಲ. ದಿನಕ್ಕೆ ಹತ್ತು ಲಕ್ಷದಷ್ಟು ನೋಟಗಳಲ್ಲಿ ಮೋಡ, ಧೂಳಿನ ಹಾವಳಿ ಕಳೆದು ಉಳಿಯುವುದು ಚಿಕ್ಕ ಪಾಲು. ಭಾರತದ ಪಾಲಿಗೆ ಇದು ದೊಡ್ಡ ತೊಡಕು. ಗದ್ದೆ, ಕಾಡು ಹಸಿರಾಗಿ ಇಂಗಾಲ ಎಳೆದುಕೊಳ್ಳುವುದು ಮುಂಗಾರಿನಲ್ಲಿ. ಮೋಡ ಕವಿದು ಉಪಗ್ರಹದ ಕಣ್ಣು ಕಟ್ಟುವುದೂ ಮುಂಗಾರಿನಲ್ಲೇ. ಪಶ್ಚಿಮ ಘಟ್ಟ ಆಷಾಢದಲ್ಲಿ ಎಷ್ಟು ಹೀರಿತು ಎಂಬುದಕ್ಕೆ ಆಕಾಶದಿಂದ ಉತ್ತರ ಸಿಗುವುದು ಕಷ್ಟ. ನೆಲದ ತಾಣಗಳು ಇನ್ನೂ ಬೇಕು ಎಂದು ಈ ಕ್ಷೇತ್ರದವರು ಹಟ ಹಿಡಿಯುವುದು ಇದಕ್ಕೇ. ನೆಲ, ಆಕಾಶಗಳ ನಡುವಿನ ಅಂತರ ತುಂಬಲು ಬೇರೆ ಉಪಾಯಗಳೂ ಇವೆ. ಜಪಾನ್ ಏರ್‌ಲೈನ್ಸಿನ ಪ್ರಯಾಣಿಕರ ವಿಮಾನಗಳಲ್ಲಿ ಕೂರಿಸಿದ ಯಂತ್ರ ದೆಹಲಿಯಲ್ಲಿ ಏರಿಳಿಯುವಾಗಲೂ ಅಳೆದಿದೆ. ಒಂದು ತುದಿ ತೆರೆದ ಉದ್ದನೆಯ ಕೊಳವೆಯ ಸುರುಳಿಯನ್ನು ಬಲೂನಿನಲ್ಲಿ ಮೇಲಕ್ಕೆ ಕಳಿಸುವ ‘ಏರ್‌ಕೋರ್’ ಇನ್ನೊಂದು. ಏರುವಾಗ ಖಾಲಿಯಾಗುವ ಸುರುಳಿ ಇಳಿಯುವಾಗ ಪದರ ಪದರವಾಗಿ ಗಾಳಿಯನ್ನು ತುಂಬಿಕೊಂಡು ಬರುತ್ತದೆ.

1958ಕ್ಕಿಂತ ಹಿಂದಿನದಕ್ಕೆ ಅಂಟಾರ್ಕ್ಟಿಕಾದ ಹಿಮವೇ ಗತಿ. ಹಿಮ ಪದರಪದರವಾಗಿ ಒತ್ತಿ ಗಡ್ಡೆಯಾಗುವಾಗ ನಡುವಿನ ಗಾಳಿ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಗಡ್ಡೆಯನ್ನು ಕರಗಿಸುವಂತಿಲ್ಲ, ಕರಗಿದ ನೀರು ಅನಿಲದ ಲೆಕ್ಕ ಕೆಡಿಸುತ್ತದೆ. ಕೊರೆಯುವ ಚಳಿಯಲ್ಲೇ, ನಿರ್ವಾತದೊಳಗೆ ಪುಡಿ ಮಾಡಬೇಕು. ಇಲ್ಲೂ ಆಯ್ಕೆ ಉಂಟು: ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸುಣ್ಣದಂಶದ ಧೂಳು ಸೇರಿ ಕಾಲಾಂತರದಲ್ಲಿ ಹೊಸದಾಗಿ ಇಂಗಾಲದ ಡೈಆಕ್ಸೈಡ್ ಹುಟ್ಟಿರುವುದರಿಂದ ಅದನ್ನು ಈ ಲೆಕ್ಕಕ್ಕೆ ನಂಬುವುದಿಲ್ಲ. ಅಂಟಾರ್ಕ್ಟಿಕಾದ ಡೋಮ್ ಸಿ ಹಿಮ ಎಂಟು ಲಕ್ಷ ವರ್ಷಗಳ ಹಿಂದಕ್ಕೆ ಹೋಗುತ್ತದೆ. ಅಷ್ಟೂ ಕಾಲದಲ್ಲಿ ಅಂಕಿ ಆಡಿದ್ದು ಸುಮಾರು 180 ಮತ್ತು 300ರ ನಡುವೆ. ಕೈಗಾರಿಕಾ ಯುಗದ ಮುಂಚೆ 280. ಲಾ ಡೋಮ್ ಎಂಬಲ್ಲಿನ ಹಿಮದ ಗುಳ್ಳೆಗಳು 1970ರ ದಶಕದವರೆಗೂ ಬರುತ್ತವೆ; ದಕ್ಷಿಣ ಧ್ರುವದಲ್ಲಿ ನೇರವಾಗಿ ಅಳೆದ ಅಂಕಿಗಳ ಜೊತೆ ಅವು ಕೂಡಿಕೊಳ್ಳುತ್ತವೆ.

ಏರಿಕೆ ಯಾರದು ಎಂಬುದಕ್ಕೂ ಅಣುಗಳಲ್ಲೇ ಸಾಕ್ಷಿಯಿದೆ. ಕಲ್ಲಿದ್ದಲು, ಪೆಟ್ರೋಲು ಕೋಟ್ಯಂತರ ವರ್ಷ ಹಳೆಯವು. ಅವುಗಳಲ್ಲಿ ವಿಕಿರಣಶೀಲ ಇಂಗಾಲ-14 ಎಂದೋ ಕರಗಿಹೋಗಿದೆ. ಅವನ್ನು ಸುಟ್ಟಂತೆ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತದೆ. ಸುಡಲು ಆಮ್ಲಜನಕ ಬೇಕಲ್ಲ, ಅದೂ ಕಡಿಮೆಯಾಗಬೇಕು. ಕೀಲಿಂಗ್‌ನ ಮಗ ರಾಲ್ಫ್ ಕೀಲಿಂಗ್ ಆಮ್ಲಜನಕದ ಈ ಸೂಕ್ಷ್ಮ ಇಳಿಕೆಯನ್ನು ಅಳೆಯುವ ವಿಧಾನ ರೂಪಿಸಿದರು. ಅಪ್ಪನ ನಂತರ ಸ್ಕ್ರಿಪ್ಸ್‌ನ ಇಂಗಾಲದ ಲೆಕ್ಕವನ್ನೂ ಅವರೇ ನಡೆಸುತ್ತಿದ್ದಾರೆ.

ಇಂಥ ಉದ್ದನೆಯ ಲೆಕ್ಕಕ್ಕೆ ದೊಡ್ಡ ಶತ್ರು ಜ್ವಾಲಾಮುಖಿಯಲ್ಲ ಎಂದು ಕೀಲಿಂಗ್‌ಗೆ ಚೆನ್ನಾಗಿ ಗೊತ್ತಿತ್ತು. ‘ಹೊಸದೇನಿದೆ ಇದರಲ್ಲಿ, ಅದೇ ಅಂಕಿ ಮತ್ತೆ ಮತ್ತೆ’ ಎನ್ನುವವರ ಎದುರು ಹಣಕ್ಕಾಗಿ ಅವನು ಬದುಕಿಡೀ ಓಡಾಡಿದ. 2022ರ ನವೆಂಬರ್ 27ರಂದು ಮೌನಾ ಲೋವಾ ಸ್ಫೋಟಿಸಿ ಲಾವಾ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ನುಂಗಿದಾಗ, ಮುಂದಿನ ತಿಂಗಳೊಳಗೆ ನೆರೆಯ ಮೌನಾ ಕಿಯಾ ಪರ್ವತದ ಮೇಲೆ ಯಂತ್ರ ಹೂಡಿ ಲೆಕ್ಕ ಮುಂದುವರಿಸಿದರು. 2023ರ ಜುಲೈ ಹೊತ್ತಿಗೆ ಮೌನಾ ಲೋವಾದ ಅಂಕಿಗಳೇ ಮತ್ತೆ ಪಟ್ಟಿಗೆ ಬಂದವು. 2025ರಲ್ಲಿ ಅಮೆರಿಕದ ಸರ್ಕಾರ ಮುಂದಿಟ್ಟ ಆಯವ್ಯಯ ಪ್ರಸ್ತಾವದಲ್ಲಿ ಮೌನಾ ಲೋವಾ ಸೇರಿದಂತೆ ಇಂಥ ವೀಕ್ಷಣಾಲಯಗಳ ಹಣ ನಿಲ್ಲಿಸುವ ಮಾತು ಬಂತು. ಹಣದ ಕತ್ತರಿ ಬಿದ್ದು ಯಂತ್ರ ನಿಂತ ಉದಾಹರಣೆ ಅದಕ್ಕೆ ಮೊದಲೂ ಉಂಟು. 1964ರ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳುಗಳಿಗೆ ಮೌನಾ ಲೋವಾದ ಪಟ್ಟಿಯಲ್ಲಿ ಅಳೆದ ಅಂಕಿ ಇಲ್ಲ. ಅಲ್ಲಿರುವುದು ಅಕ್ಕಪಕ್ಕದ ತಿಂಗಳುಗಳನ್ನು ನೋಡಿ ಲೆಕ್ಕ ಹಾಕಿ ತುಂಬಿದ ಅಂಕಿ.